ಬಿರ್ಕಾದ 581ನೇ ಸಮಾಧಿ: ಖಡ್ಗವಿದ್ದಲ್ಲೆಲ್ಲ ಗಂಡಸೇ ಇರಬೇಕೆಂದಿಲ್ಲ

ಸ್ಟಾಕ್‌ಹೋಮ್‌ನ ಪಶ್ಚಿಮಕ್ಕೆ ಮೇಲಾರೆನ್ ಸರೋವರದಲ್ಲಿ ಬ್ಯೋರ್ಕೊ ಎಂಬ ದ್ವೀಪವಿದೆ. ಸುಮಾರು ಕ್ರಿ.ಶ. 750ರಿಂದ 975ರವರೆಗೆ ಅಲ್ಲಿ ವೈಕಿಂಗರ ವ್ಯಾಪಾರದ ಪಟ್ಟಣ ಬಿರ್ಕಾ ಇತ್ತು. ಅಂಬರ್ ರಾಳದೊಳಗೆ ಸಿಕ್ಕಿಬಿದ್ದ ಕೀಟಗಳನ್ನು ಹುಡುಕುತ್ತ 1871ರಲ್ಲಿ ಅಲ್ಲಿಗೆ ಹೋದ ಸ್ವೀಡನ್ನಿನ ವಿಜ್ಞಾನಿ ಯಾಲ್ಮರ್ ಸ್ಟೋಲ್ಪೆ, ಕೀಟಗಳನ್ನು ಬಿಟ್ಟು ಸಮಾಧಿಗಳನ್ನು ಅಗೆಯತೊಡಗಿದರು. ಮುಂದಿನ ಎರಡು ದಶಕಗಳಲ್ಲಿ ಅವರು ತೆರೆದದ್ದು ಸುಮಾರು 1,100 ಸಮಾಧಿಗಳನ್ನು.

ಅವುಗಳಲ್ಲಿ 1878ರಲ್ಲಿ ತೆರೆದ ಒಂದಕ್ಕೆ ಬಿಜೆ 581 ಎಂಬ ಸಂಖ್ಯೆ. ನೆಲ ತೋಡಿ ಮರದಿಂದ ಕಟ್ಟಿದ ನೆಲಕೋಣೆ ಅದು. ಉದ್ದ ಮೂರೂವರೆ ಮೀಟರಿನಷ್ಟು, ಅಗಲ ಅದರ ಅರ್ಧ. ಒಳಗೆ ಖಡ್ಗ, ಕೊಡಲಿ, ಕಾದಾಟದ ಉದ್ದ ಚೂರಿ, ಭರ್ಚಿ, ಎರಡು ಗುರಾಣಿ, ಕವಚವನ್ನು ಸೀಳುವಂತೆ ಮೊನೆ ಕಿರಿದುಮಾಡಿದ 25 ಬಾಣಗಳಿದ್ದವು. ಕೋಣೆಯ ಒಂದು ಕೊನೆಯ ಜಗುಲಿಯ ಮೇಲೆ ಎರಡು ಕುದುರೆ, ಒಂದು ಹೆಣ್ಣು, ಒಂದು ಗಂಡು. ಶವದ ಮಡಿಲ ಬಳಿ ಒಂದು ಪೂರ್ತಿ ಸೆಟ್ ಆಟದ ಕಾಯಿಗಳು, ಪಕ್ಕದಲ್ಲಿ ಮಣೆ. ಸೇನೆ ನಡೆಸುವವರು ವ್ಯೂಹದ ಲೆಕ್ಕಾಚಾರ ಕಲಿಯುತ್ತಿದ್ದ ಆಟ ಅದು ಎಂದು ಹಲವರ ಅಭಿಪ್ರಾಯ. ಸಮಾಧಿಯಿದ್ದ ಜಾಗವೂ ಪಟ್ಟಣದ ಕಾವಲುಪಡೆಯ ನೆಲೆಗೆ ಅಂಟಿಕೊಂಡೇ ಇತ್ತು. ಇಷ್ಟೆಲ್ಲ ಕಂಡ ಮೇಲೆ ‘ವೈಕಿಂಗ್ ಯೋಧ’ ಎಂದು ಬರೆದರು. ಯೋಧ ಎಂದರೆ ಗಂಡಸು ಎಂಬುದನ್ನು ಬೇರೆ ಹೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕಗಳಲ್ಲಿ ಅದೇ ಉಳಿಯಿತು.

ತಪ್ಪಾದದ್ದು ಇಲ್ಲೇ. ವಸ್ತುಗಳನ್ನು ನೋಡಿ ಲಿಂಗ ನಿರ್ಧರಿಸಿದರು, ಮೂಳೆಯನ್ನು ನೋಡಲಿಲ್ಲ. ಖಡ್ಗ ಸಿಕ್ಕರೆ ಗಂಡು, ಸೆರಗಿನ ಪಿನ್ನು ಮತ್ತು ಮಣಿಸರ ಸಿಕ್ಕರೆ ಹೆಣ್ಣು. ಇದೇ ಲೆಕ್ಕದಲ್ಲಿ ವಿಂಗಡಿಸಿದ ಮೇಲೆ ‘ಹೆಂಗಸರ ಸಮಾಧಿಯಲ್ಲಿ ಆಯುಧ ಇರುವುದಿಲ್ಲ’ ಎಂಬ ತೀರ್ಮಾನ ತಾನಾಗಿಯೇ ಬರುತ್ತದೆ. ಹಾಗೆ ಬಂದ ತೀರ್ಮಾನವನ್ನು ಪುರಾವೆ ಎನ್ನಲಾಗದು.

ಮೂಳೆ ನೋಡುವವರು ಮೊದಲು ಕೈಗೆತ್ತಿಕೊಳ್ಳುವುದು ಸೊಂಟದ ಎಲುಬನ್ನು. ಅದರ ಹಿಂಬದಿಯಲ್ಲಿ, ಕಾಲಿಗೆ ಹೋಗುವ ದೊಡ್ಡ ನರ ಹಾದುಹೋಗುವಲ್ಲಿ ಒಂದು ಕಚ್ಚು ಇದೆ. ಹೆಂಗಸರಲ್ಲಿ ಅದು ಅಗಲ, ಗಂಡಸರಲ್ಲಿ ಇಕ್ಕಟ್ಟು. ಸೊಂಟ ಬೆನ್ನೆಲುಬಿಗೆ ಕೂಡುವ ಜಾಗದ ಹತ್ತಿರ ಹೆಂಗಸರಲ್ಲಿ ಹೆಚ್ಚಾಗಿ ಒಂದು ತೋಡು ಕಾಣುತ್ತದೆ. ಆಮೇಲೆ ದವಡೆ ಮತ್ತು ಗಲ್ಲದ ಆಕಾರ, ಕೈಕಾಲಿನ ಎಲುಬಿನ ದಪ್ಪ. 581ರ ಮೂಳೆ ಹೆಣ್ಣಿನದು ಎಂಬ ಮಾತು 1970ರ ದಶಕದಲ್ಲೇ ಬಂದಿತ್ತು, ಯಾರೂ ಕಿವಿಗೊಡಲಿಲ್ಲ. 2010ರ ದಶಕದಲ್ಲಿ ಮೂಳೆತಜ್ಞೆ ಆನಾ ಶೆಲ್‌ಸ್ಟ್ರಾಮ್ ಮತ್ತೆ ಪರೀಕ್ಷಿಸಿ ಅದನ್ನೇ ಹೇಳಿದರು. ಸತ್ತಾಗ ಆಕೆಗೆ ಕನಿಷ್ಠ 30 ವರ್ಷ.

ಆಗ ಡಿಎನ್‌ಎ ಪರೀಕ್ಷೆ ಮಾಡಲೇಬೇಕಾಯಿತು. ಒಂದು ಹಲ್ಲು ಮತ್ತು ತೋಳಿನ ಎಲುಬಿನಿಂದ ಮಾದರಿ ತೆಗೆದರು. ಇಂಥ ಕೆಲಸದಲ್ಲಿ ದೊಡ್ಡ ಅಪಾಯ ಮುಟ್ಟಿದವರ ಡಿಎನ್‌ಎ ಬೆರೆತುಹೋಗುವುದು. ನೂರಕ್ಕೂ ಹೆಚ್ಚು ವರ್ಷ ಮ್ಯೂಸಿಯಂ ಡಬ್ಬಿಯಲ್ಲಿದ್ದ ಮೂಳೆಯನ್ನು ಎಷ್ಟೋ ಜನ ಬರಿಗೈಯಲ್ಲಿ ಹಿಡಿದಿರುತ್ತಾರೆ. ಹಾಗಾಗಿ ಮೇಲ್ಮೈಯನ್ನು ಕೆರೆದು ತೆಗೆದು ಒಳಗಿನ ಪುಡಿಯನ್ನಷ್ಟೇ ಬಳಸುತ್ತಾರೆ. ಹಳೆಯ ಡಿಎನ್‌ಎ ತುಂಡು ತುಂಡಾಗಿರುತ್ತದೆ, ತುದಿಗಳಲ್ಲಿ ಹಾಳಾಗಿರುತ್ತದೆ. ಆ ಹಾನಿಯ ಗುರುತೇ ಅದು ಹಳೆಯದು ಎನ್ನಲು ಸಾಕ್ಷಿ. ಕೊನೆಗೆ ಎಕ್ಸ್ ಮತ್ತು ವೈ ವರ್ಣತಂತುಗಳಿಗೆ ಹೊಂದುವ ತುಂಡುಗಳನ್ನು ಎಣಿಸಿ ಹೋಲಿಸುತ್ತಾರೆ. 581ರಲ್ಲಿ ಗಂಡಸರಲ್ಲಷ್ಟೇ ಇರುವ ವೈ ಇರಲಿಲ್ಲ. ಪುರಾತತ್ವಜ್ಞೆ ಶಾರ್ಲೊಟ್ ಹೆಡೆನ್‌ಶ್ಯೆರ್ನಾ-ಯೊನ್ಸನ್ ಮತ್ತು ಸಂಗಡಿಗರು 2017ರಲ್ಲಿ ಇದನ್ನು ಪ್ರಕಟಿಸಿದರು.

ಆಕ್ಷೇಪಗಳು ತಕ್ಷಣ ಬಂದವು. ಮೂಳೆಗಳು ಅದಲುಬದಲಾಗಿರಬಹುದು, ಡಬ್ಬಿಯಲ್ಲಿ ಇನ್ನೊಬ್ಬರ ತೊಡೆಯೆಲುಬೊಂದು ಬೇರೆ ಇದೆ ಎಂದರು. ಈ ಆಕ್ಷೇಪ ನ್ಯಾಯವಾದದ್ದೇ. ಆದರೆ ಸಮಾಧಿಯ ಮೂಳೆಗಳ ಮೇಲೆ ಅದರ ಸಂಖ್ಯೆಯನ್ನು ಶಾಯಿಯಲ್ಲಿ ಬರೆದಿದ್ದಾರೆ, ಹಲ್ಲು ಮತ್ತು ತೋಳು ಎರಡೂ ಒಬ್ಬರದೇ, ಸ್ಟೋಲ್ಪೆ ಚೌಕಳಿ ಕಾಗದದಲ್ಲಿ ಬರೆದ ನಕ್ಷೆಯಲ್ಲಿ ಇರುವುದೂ ಒಂದೇ ಶವ. ಎರಡನೆಯ ಆಕ್ಷೇಪ: ಮೈಮೇಲೆ ಗಾಯದ ಗುರುತಿಲ್ಲ. ಬಿರ್ಕಾದಲ್ಲಿ ಗಂಡಸರೆಂದು ಖಚಿತವಾದ 49 ಅಸ್ಥಿಪಂಜರಗಳಲ್ಲಿ ಹರಿತ ಆಯುಧದ ಗಾಯ ಕಂಡದ್ದು ಎರಡರಲ್ಲಿ ಮಾತ್ರ. ಮೂರನೆಯದು, ಸತ್ತವರು ತಮ್ಮನ್ನು ತಾವೇ ಹೂಳಿಕೊಳ್ಳುವುದಿಲ್ಲ, ಆ ಆಯುಧಗಳು ಬಂಧುಗಳು ಇಟ್ಟ ಗೌರವವಾಗಿರಬಹುದು ಎಂಬುದು. ನಿಜ, ಇರಬಹುದು. ಆದರೆ ಒಳಗಿರುವುದು ಗಂಡಸು ಎಂದುಕೊಂಡಿದ್ದ ಅಷ್ಟೂ ವರ್ಷ ಈ ಪ್ರಶ್ನೆ ಏಕೆ ಏಳಲಿಲ್ಲ? ಅಳತೆಗೋಲು ಇಬ್ಬರಿಗೂ ಒಂದೇ ಇರಬೇಕು.

ಹಾಗೆಂದು ವೈಕಿಂಗ್ ಹೆಂಗಸರೆಲ್ಲ ಖಡ್ಗ ಹಿಡಿದಿದ್ದರು ಎಂದುಕೊಂಡರೆ ಅದೂ ತಪ್ಪು. ಇಂಥ ಸಮಾಧಿಗಳು ಬೆರಳೆಣಿಕೆಯಷ್ಟು. ಐಸ್‌ಲ್ಯಾಂಡಿನ ಗ್ರಾಗಾಸ್ ಕಾನೂನು ಗಂಡಸಿನ ಬಟ್ಟೆ ತೊಡುವ, ಕೂದಲು ಕತ್ತರಿಸುವ, ಆಯುಧ ಹಿಡಿಯುವ ಹೆಂಗಸಿಗೆ ಗಡೀಪಾರಿನ ಶಿಕ್ಷೆ ವಿಧಿಸುತ್ತಿತ್ತು. ಯಾರೂ ಮಾಡದ ಕೆಲಸಕ್ಕೆ ಯಾರೂ ಕಾನೂನು ಬರೆಯುವುದಿಲ್ಲ, ಆದರೆ ಸಮಾಜ ಅದನ್ನು ಒಪ್ಪಿರಲಿಲ್ಲ ಎಂಬುದೂ ಸ್ಪಷ್ಟ. (ಈ ಕಾನೂನುಗಳನ್ನು ಬರಹಕ್ಕಿಳಿಸಿದ್ದು ಕ್ರೈಸ್ತ ಮತ ಬಂದ ಮೇಲೆ ಎಂಬುದು ನೆನಪಿರಲಿ.) ಅದೇ ಕಾನೂನಿನಲ್ಲಿ ಒಂದು ಅಪರೂಪದ ಕಲಮೂ ಇದೆ. ಕೊಲೆಯಾದವನಿಗೆ ಗಂಡುಮಕ್ಕಳಿಲ್ಲದೆ ಮದುವೆಯಾಗದ ಒಬ್ಬಳೇ ಮಗಳಿದ್ದರೆ, ಪರಿಹಾರದ ಬೆಳ್ಳಿಯನ್ನು ಅವಳೇ ಮಗನಂತೆ ಪಡೆಯುತ್ತಾಳೆ, ಕೊಡಬೇಕಾದಾಗ ಅವಳೇ ಕೊಡುತ್ತಾಳೆ. ಮದುವೆಯಾದ ದಿನ ಆ ಹಕ್ಕು ಮುಗಿಯಿತು.

ಮದುವೆಗೆ ಗಂಡಿನ ಕಡೆಯವರು ತೆರ ಕಟ್ಟಬೇಕು, ಹೆಣ್ಣಿನ ತವರಿನವರು ಬಳುವಳಿ ಕೊಡಬೇಕು. ಸುಮಾರು 965ರಲ್ಲಿ ಸ್ಪೇನಿನಿಂದ ವೈಕಿಂಗರ ಹೆಡೆಬಿ ಪಟ್ಟಣಕ್ಕೆ ಬಂದ ಪ್ರವಾಸಿ ಅಲ್ ತರ್ತೂಶಿ, ಇಲ್ಲಿ ಹೆಂಗಸರು ಬೇಕೆಂದಾಗ ಗಂಡನನ್ನು ಬಿಡಬಹುದು ಎಂದು ಬೆರಗಿನಿಂದ ದಾಖಲಿಸಿದ. ಆಸ್ತಿಯ ವಿಷಯಕ್ಕೆ ಸ್ವೀಡನ್ನಿನ ಹಿಲ್ಲರ್‌ಶೋದಲ್ಲಿ ಬಂಡೆಯ ಮೇಲೆ ಕೊರೆದ 11ನೇ ಶತಮಾನದ ಶಾಸನವಿದೆ. ಗೈರ್‌ಲೌಗ್ ಎಂಬಾಕೆಯ ಮೊದಲ ಗಂಡ ಮುಳುಗಿ ಸತ್ತ, ಮಗನೂ ಸತ್ತ. ಎರಡನೇ ಮದುವೆಯಲ್ಲಿ ಉಳಿದದ್ದು ಇಂಗಾ ಎಂಬ ಮಗಳು. ಇಂಗಾ ತನ್ನ ಗಂಡನನ್ನೂ ಮಗನನ್ನೂ ಕಳೆದುಕೊಂಡು, ಆ ಮಗನ ಆಸ್ತಿಗೆ ವಾರಸುದಾರಳಾದಳು. ಇಂಗಾ ಸತ್ತಾಗ ಎಲ್ಲವೂ ತಾಯಿ ಗೈರ್‌ಲೌಗ್‌ಗೆ ಬಂತು. ಆಸ್ತಿ ಯಾರಿಂದ ಯಾರಿಗೆ ಎಂದು ಕಲ್ಲಿನಲ್ಲೇ ಕೆತ್ತಿಸಿದ ಖಾತೆ ಬದಲಾವಣೆಯ ಪತ್ರ ಅದು.

ಆದರೆ ಹೆಂಗಸರ ಕೈಯಲ್ಲಿದ್ದ ನಿಜವಾದ ಬಲ ಉಣ್ಣೆಯದು. ವೈಕಿಂಗರ ಹಡಗು ಎಂದಾಗ ನಮಗೆ ಕಾಣುವುದು ಮರಗೆಲಸ. ಹಾಯಿಯನ್ನು ಯಾರು ಮಾಡಿದರು ಎಂದು ಕೇಳುವವರು ಕಡಿಮೆ. 100 ಚದರ ಮೀಟರಿನ ಒಂದು ಉಣ್ಣೆಯ ಹಾಯಿಗೆ ಸುಮಾರು 154 ಕಿಲೋಮೀಟರ್ ನೂಲು ಬೇಕು ಎಂಬುದು ಸಂಶೋಧಕರ ಅಂದಾಜು. ತಕಲಿಯಲ್ಲಿ ಗಂಟೆಗೆ 40 ಮೀಟರ್ ನೂತರೆ, ದಿನಕ್ಕೆ ಹತ್ತು ಗಂಟೆ ಕೂತರೂ 385 ದಿನ. ಇದು ನೂಲುವುದಕ್ಕೆ ಮಾತ್ರ, ಕುರಿಯ ಉಣ್ಣೆ ತೆಗೆದು ಬಿಡಿಸುವ, ಬಾಚುವ ಲೆಕ್ಕ ಬೇರೆ. ಅಲ್ಲಿನ ಕುರಿಗಳಿಗೆ ಎರಡು ಪದರದ ಕೂದಲು. ಹೊರಗಿನ ಉದ್ದ ಗಟ್ಟಿ ಕೂದಲನ್ನು ಬಿಗಿಯಾಗಿ ಹೊಸೆದು ಹಾಸು ನೂಲಿಗೆ, ಅಂದರೆ ಮಗ್ಗದ ಉದ್ದ ಎಳೆಗೆ, ಒಳಗಿನ ಮೆತ್ತನೆಯದನ್ನು ಸಡಿಲವಾಗಿ ನೂತು ಹೊಕ್ಕು ನೂಲಿಗೆ, ಅಂದರೆ ಅಡ್ಡ ಎಳೆಗೆ ಬಳಸುತ್ತಿದ್ದರು. ಹಾಸು ಸಡಿಲವಾದರೆ ಗಾಳಿಗೆ ಬಟ್ಟೆ ಹಿಗ್ಗಿ ಜೋತುಬೀಳುತ್ತದೆ, ಹೊಕ್ಕು ತೀರ ಬಿಗಿಯಾದರೆ ಎಳೆಗಳ ನಡುವೆ ಸಂದಿ ಉಳಿದು ಗಾಳಿ ತೂರಿಹೋಗುತ್ತದೆ. ನೇಯ್ದ ಮೇಲೂ ಕೊಬ್ಬು, ಡಾಂಬರಿನಂಥ ಮರದ ರಾಳ ಬಳಿದು ರಂಧ್ರ ಮುಚ್ಚಬೇಕು. ಹಾಯಿಯಿಲ್ಲದೆ ಐಸ್‌ಲ್ಯಾಂಡಿಗೆ ಹೋಗುವುದಂತೂ ಆಗದ ಮಾತು.

ಈ ದುಡಿಮೆಯ ದೊಡ್ಡ ಪಾಲು ಬಿದ್ದದ್ದು ದಾಸಿಯರ ಮೇಲೆ. ಮೇಲೆ ಹೇಳಿದ ಹಕ್ಕುಗಳಲ್ಲಿ ಅವರಿಗೆ ಒಂದೂ ಇರಲಿಲ್ಲ. ಐಸ್‌ಲ್ಯಾಂಡಿನ ಇಂದಿನ ಜನರ ತಾಯಿಯ ಕಡೆಯ ವಂಶವಾಹಿಯಲ್ಲಿ ಸುಮಾರು 60% ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆಯದು, ತಂದೆಯ ಕಡೆಯದು ಬಹುಪಾಲು ಸ್ಕ್ಯಾಂಡಿನೇವಿಯದ್ದು. ಎಲ್ಲರೂ ಸೆರೆಯಾಗಿ ಬಂದವರಲ್ಲ, ಹೆಂಡತಿಯರಾಗಿ ಬಂದವರೂ ಇದ್ದರು. ಆದರೂ ಈ ಅಂತರದ ಹಿಂದೆ ದೋಣಿಗೆ ಹಾಕಿ ಒಯ್ದ ಹುಡುಗಿಯರಿದ್ದಾರೆ.

ವಸ್ತುವನ್ನು ತಪ್ಪಾಗಿ ಓದಿದ್ದು ಖಡ್ಗದ ವಿಷಯದಲ್ಲಿ ಮಾತ್ರವಲ್ಲ. ಸ್ವೀಡನ್ನಿನ ಎಲಾಂಡ್ ದ್ವೀಪದ ಕ್ಲಿಂಟಾದಲ್ಲಿ 82 ಸೆಂಟಿಮೀಟರ್ ಉದ್ದದ ಕಬ್ಬಿಣದ ಕೋಲೊಂದು ಸಿಕ್ಕಿತು, ಅದರ ತುದಿಯಲ್ಲಿ ಕಂಚಿನ ಪುಟ್ಟ ಮನೆಯ ಆಕೃತಿ. ಹೆಂಗಸರ ಸಮಾಧಿಗಳಲ್ಲಿ ಸಿಗುವ ಇಂಥ ಕೋಲುಗಳನ್ನು ಹಿಂದೆ ಮಾಂಸ ಸುಡುವ ಸರಳು ಎಂದು ಅಡುಗೆಮನೆಯ ಲೆಕ್ಕಕ್ಕೆ ಹಾಕಿದ್ದುಂಟು. ಈಗ ಅವನ್ನು ‘ವೋಲ್ವಾ’ ಎಂಬ ಕಣಿ ಹೇಳುವವಳ ದಂಡ ಎಂದು ಗುರುತಿಸುತ್ತಾರೆ. ಊರಿನ ಮುಖ್ಯಸ್ಥರೂ ಗೌರವದಿಂದ ಬರಮಾಡಿಕೊಳ್ಳುತ್ತಿದ್ದ ಹೆಂಗಸು ಆಕೆ. ಡೆನ್ಮಾರ್ಕಿನ ಫಿರ್ಕಾಟ್ ಕೋಟೆಯ ಬಳಿ ಹೂಳಿದ್ದ ಒಬ್ಬಾಕೆಯ ಹತ್ತಿರ ಅಂಥದೇ ದಂಡವಿತ್ತು, ಚೀಲದಲ್ಲಿ ಮಂಪರು ತರಿಸುವ ಹೆನ್‌ಬೇನ್ ಗಿಡದ ಬೀಜಗಳಿದ್ದವು. ಕಾಲಲ್ಲಿ ಬೆಳ್ಳಿಯ ಕಾಲುಂಗುರ.