ಬರಗಾಲದ ಮೈ, ಬಜಾರಿನ ಊಟ

ಮುಧೋಳ, ಜಮಖಂಡಿ ಕಡೆಯ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯ ಬಾಗಿಲಿಗೆ ಐದು ರೂಪಾಯಿಯ ಕುರುಕಲು ಪಾಕೀಟುಗಳ ಸರ ನೇತಾಡುತ್ತಿರುತ್ತದೆ. ಕೃಷ್ಣಾ, ಘಟಪ್ರಭಾ ನೀರು ಬಂದಲ್ಲೆಲ್ಲ ಜೋಳದ ಹೊಲದಲ್ಲಿ ಕಬ್ಬು ನಿಂತಿದೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಬೀಸುಕಲ್ಲು ಹೋಗಿ ಗಿರಣಿ ಬಂತು. ಹೆಣ್ಣುಮಕ್ಕಳ ರಟ್ಟೆ ಉಳಿಯಿತು, ಒಳ್ಳೇದೇ ಆಯಿತು.

ಆದರೆ ದುಡಿಮೆ ಇಳಿದ ಹೊತ್ತಿಗೇ ಎಣ್ಣೆಯೂ ಸುಲಭವಾಗಿ ಸಿಗತೊಡಗಿತು. 1991ರಲ್ಲಿ ದೇಶದ ಮಾರುಕಟ್ಟೆ ತೆರೆದುಕೊಂಡಿತು. 1994ರಲ್ಲಿ ಪಾಮೋಲಿನ್ (ತಾಳೆ ಎಣ್ಣೆ) ಆಮದು ಖಾಸಗಿ ವ್ಯಾಪಾರಿಗಳ ಕೈಗೂ ಬಂತು. 1978ರ ಸುಧಾರಣೆಯ ನಂತರ ಚೀನಾದಲ್ಲೂ ಹೀಗೇ ಆಗಿತ್ತು: ಕೈಯಲ್ಲಿ ಕಾಸು ಬಂತು, ಅಡುಗೆಗೆ ಎಣ್ಣೆ ಜಾಸ್ತಿ ಆಯಿತು, ಜನ ದಪ್ಪಗಾದರು. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಇರೋದು ಸುಮಾರು 170 ಕ್ಯಾಲೊರಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ 240. ರೊಟ್ಟಿಯನ್ನು ಅಗಿಯಬೇಕು, ಅದು ಹೊಟ್ಟೆ ತುಂಬಿಸುತ್ತದೆ. ಎಣ್ಣೆ ಒಳಗೆ ಹೋದದ್ದೇ ತಿಳಿಯೋದಿಲ್ಲ.

ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತೂಕ ಹೆಚ್ಚಿದ್ದವರು 2015-16ರಲ್ಲಿ ಶೇ 23ರಷ್ಟಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ಶೇ 30. ಇಷ್ಟು ಬೇಗ ಯಾಕೆ? "ತಿಂದು ಕೂತರೆ ಇನ್ನೇನಾಗ್ತದ" ಅಂತ ಸುಮ್ನೆ ಬೈಯುವವರಿಗೆ ಪುಣೆಯ ಸಕ್ಕರೆ ಕಾಯಿಲೆ ತಜ್ಞ ಡಾ. ಚಿತ್ತರಂಜನ ಯಾಜ್ಞಿಕ್ ಅವರ ಕೆಲಸ ಗೊತ್ತಿರಬೇಕು. ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಅವರ ತಂಡ ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿತು. ನಮ್ಮವು ಸರಾಸರಿ 2.7 ಕಿಲೋ, ಅಲ್ಲಿಯವು 3.5. ನಮ್ಮ ಕೂಸುಗಳ ಮಾಂಸಖಂಡ ತೀರಾ ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ತಾಯಿಗೆ ಸರಿಯಾಗಿ ಊಟ ಸಿಗದಿದ್ದರೆ ಹೊಟ್ಟೆಯೊಳಗಿನ ಕೂಸು ಮಾಂಸ ಬಿಟ್ಟುಕೊಟ್ಟು ಕೊಬ್ಬು ಉಳಿಸಿಕೊಳ್ಳುತ್ತದೆ. ಬರದ ಕಾಲಕ್ಕೆ ತಯಾರಾಗಿ ಹುಟ್ಟಿದ ಈ ಮೈಗೆ ಮುಂದೆ ಸಿಗೋದು ಮೈದಾ, ಸಕ್ಕರೆ, ಕರಿದದ್ದು. ಇದರಲ್ಲಿ ಸೋಮಾರಿತನದ ಮಾತೆಲ್ಲಿ ಬಂತು? ಅಜ್ಜಿಯ ಹಸಿವು ಮೊಮ್ಮಗನ ಸಕ್ಕರೆ ಕಾಯಿಲೆಯಲ್ಲಿ ಕಾಣಿಸಿಕೊಳ್ಳಬಹುದು ಅನ್ನೋದು ನನಗೆ ತುಂಬ ನೋವಿನ ಸಂಗತಿ.

ಆದ್ದರಿಂದ ತೂಕದ ಯಂತ್ರವೊಂದನ್ನೇ ನಂಬಬೇಡಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮುಂದೆ ಬಂದವರ ತೂಕ ಸರಿಯಾಗೇ ತೋರಿಸಬಹುದು. ಟೇಪು ಹಿಡಿದು ಸೊಂಟ ಅಳೆಯಿರಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದಕ್ಕಿಂತ ಜಾಸ್ತಿ ಇದ್ದರೆ ಒಮ್ಮೆ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ.