ಡೆಕ್ ಹಲಗೆ ಬಾಗಿದರೆ ಯಾವ ಎಣ್ಣೆ ಹಚ್ಚಬೇಕು?

ಪ್ರಶ್ನೆ: ಟೆರೇಸಿನಲ್ಲಿ ಸಾಗುವಾನಿ ಹಲಗೆಯ ಡೆಕ್ ಹಾಕಿಸಿದ್ದೇವೆ. ಒಂದು ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ಹಲಗೆಗಳ ತುದಿ ಸೀಳಿದೆ, ಅಂಚು ಮೇಲೆದ್ದು ನಡುವೆ ನೀರು ನಿಲ್ಲುತ್ತಿದೆ. ಯಾವ ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ?

ಉತ್ತರ: ಬೇಸಿಗೆ ಶುರುವಾದರೆ ಈ ಪ್ರಶ್ನೆ ತಪ್ಪುವುದಿಲ್ಲ. ಮರದ ಹೆಸರು ಬದಲಾಗುತ್ತದೆ, ಒಮ್ಮೆ ಹೊನ್ನೆ, ಒಮ್ಮೆ ಮತ್ತಿ. ಎಣ್ಣೆಯ ಮಾತು ಮಾತ್ರ ಬದಲಾಗುವುದಿಲ್ಲ. ಬಾಗಿದ ಹಲಗೆಯನ್ನು ನೆಟ್ಟಗೆ ಮಾಡುವ ಎಣ್ಣೆ ಇಲ್ಲ. ಮೇಲ್ಮುಖಕ್ಕಷ್ಟೇ ಹೊಡೆದ ಎಣ್ಣೆಯಾಗಲಿ ವಾರ್ನಿಶ್ ಆಗಲಿ ಹಲಗೆ ಬಾಗುವುದನ್ನು ತಡೆಯುವುದೂ ಇಲ್ಲ.

ಮರ ಕಡಿದು ಎಷ್ಟೇ ವರ್ಷವಾಗಿರಲಿ, ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಮತ್ತೆ ಬಿಡುತ್ತದೆ. ಹೀರಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಎಣ್ಣೆ ಈ ಹೋಗಿಬರುವಿಕೆಯನ್ನು ನಿಧಾನ ಮಾಡೀತು, ನಿಲ್ಲಿಸಲಾರದು. ಈಗ ನಿಮ್ಮ ಡೆಕ್ಕನ್ನೇ ನೋಡಿ. ಮೇಲ್ಮುಖಕ್ಕೆ ಬಿಸಿಲು, ಕೆಳಗೆ ಒದ್ದೆ ಕಾಂಕ್ರೀಟು. ಮೇಲಿನ ಪದರ ಒಣಗಿ ಕುಗ್ಗುತ್ತದೆ, ಕೆಳಗಿನದು ತೇವ ಕುಡಿದು ಹಿಗ್ಗಿಯೇ ಇರುತ್ತದೆ. ಬಿಸಿಲಿಗೆ ಹಾಕಿದ ಹಪ್ಪಳವನ್ನು ತಿರುವಿ ಹಾಕದಿದ್ದರೆ ಅಂಚು ಏಳುತ್ತದಲ್ಲ, ಇಲ್ಲೂ ಅದೇ ಆಗುವುದು. ವರ್ಷಕ್ಕೆರಡು ಸಲ ಮೇಲಿಂದ ಎಣ್ಣೆ ಹೊಡೆದರೂ ಅಡಿಮುಖ ಬೋಳಾಗಿಯೇ ಉಳಿದಿರುತ್ತದೆ. ವಾರ್ನಿಶ್ ಇನ್ನೂ ಕೆಟ್ಟದ್ದು. ಬಿಸಿಲಿಗೆ ಅದರ ಪೊರೆ ಬಿರಿಯುತ್ತದೆ, ಬಿರುಕಿನಿಂದ ಒಳಗಿಳಿದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ.

"ಗಟ್ಟಿ ಮರ ಬಾಗಲ್ಲ" ಎನ್ನುವವರಿಗೆ ಒಂದು ಲೆಕ್ಕ. ಹಸಿಯಿಂದ ಪೂರ್ತಿ ಒಣಗುವವರೆಗೆ ಸಾಗುವಾನಿ ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ. 5.8 ಕುಗ್ಗುತ್ತದೆ, ಉಂಗುರಗಳಿಗೆ ಅಡ್ಡಲಾಗಿ ಶೇ. 2.5. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ದಕ್ಷಿಣ ಅಮೆರಿಕದ ಇಪೆಯಂಥ (ipe) ಕಲ್ಲಿನಷ್ಟು ಗಟ್ಟಿ ಮರ ಇದಕ್ಕಿಂತ ಹೆಚ್ಚು ಕುಗ್ಗುತ್ತದೆ. 140 ಮಿ.ಮೀ. ಅಗಲದ ಸಾಗುವಾನಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಸುಮಾರು 2 ಮಿ.ಮೀ. ಆಚೀಚೆ ಆಗುವುದು ಮಾಮೂಲು. ಅದಕ್ಕೆ ಜಾಗ ಬಿಡದೆ ಬಿಗಿದರೆ ಅದು ಎಲ್ಲಿಗೆ ಹೋಗಬೇಕು?

ತುದಿ ಸೀಳುವುದರ ಕಾರಣ ಬೇರೆ. ಮಿಕ್ಕ ಹಲಗೆ ತುಂಡೊಂದನ್ನು ತೆಗೆದುಕೊಂಡು ಮೈಮೇಲೆ ಒಂದು ಹನಿ, ಕೊಯ್ದ ತುದಿಯ ಮೇಲೆ ಒಂದು ಹನಿ ನೀರು ಬಿಡಿ. ಮೈಮೇಲಿನದು ಗುಂಡಗೆ ಕೂತಿರುತ್ತದೆ, ತುದಿಯದು ಮೆಲ್ಲಗೆ ಇಂಗಿ ಕಪ್ಪು ಕಲೆ ಉಳಿಯುತ್ತದೆ. ಮರದ ನಾಳಗಳೆಲ್ಲ ಬಾಯಿ ತೆರೆಯುವುದು ಅಲ್ಲೇ. ತುದಿಯಲ್ಲಿ ತೇವ ಹೋಗಿಬರುವ ವೇಗ ಮೈಗಿಂತ ಹತ್ತು ಪಟ್ಟಿಗೂ ಹೆಚ್ಚು. ತುದಿ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ ಮರ ಇನ್ನೂ ಕುಗ್ಗಿರುವುದಿಲ್ಲ, ಸೀಳು ಬಿಡುತ್ತದೆ.

ಹಾಗಾಗಿ ಮಾಡಬೇಕಾದ ಕೆಲಸವೆಲ್ಲ ಹಲಗೆ ಕೂರಿಸುವ ಮೊದಲಿನದು. ಮರ ಕೊಳ್ಳುವಾಗ ತೇವ ಅಳೆಯುವ ಮೀಟರ್ ಇಟ್ಟು ನೋಡಿಸಿ. ಬೆಂಗಳೂರಿಗೆ ಶೇ. 12ರ ಆಸುಪಾಸು ಇರಲಿ, ಕರಾವಳಿಯಲ್ಲಿ ತುಸು ಹೆಚ್ಚಿದ್ದರೂ ನಡೆದೀತು. ಎಣ್ಣೆಯನ್ನು ನಾಲ್ಕೂ ಮುಖಕ್ಕೆ ಹಚ್ಚಿ, ತುದಿಗಳಿಗೆ ಮೇಣದ ಸೀಲರ್ ಬಳಿಯಿರಿ. ಕೆಲಸದ ಮಧ್ಯೆ ಹಲಗೆ ಕೊಯ್ದರೆ ಹೊಸ ತುದಿಗೂ ಆಗಲೇ ಬಳಿಯಬೇಕು, ಬಡಗಿಗಳು ಮರೆಯುವುದು ಇದನ್ನೇ. ಹಲಗೆಗಳ ನಡುವೆ 5 ಮಿ.ಮೀ. ಸಂದು, ಅಡಿಯಲ್ಲಿ ಗಾಳಿಯಾಡಲು ಕೈ ತೂರುವಷ್ಟು ಜಾಗ ಬೇಕು. ಒಂದಿಂಚು ದಪ್ಪದ ಹಲಗೆಗೆ ಅಡಿಯ ರೀಪುಗಳು 400 ಮಿ.ಮೀ.ಗೊಂದು ಬರಲಿ. ಪ್ರತಿ ರೀಪಿಗೂ ಎರಡೆರಡು ಸ್ಟೇನ್‌ಲೆಸ್ ಸ್ಕ್ರೂ, ಮೊದಲು ಡ್ರಿಲ್ ಮಾಡಿಯೇ ಹಾಕಿಸಿ.

ಈಗಾಗಲೇ ಬಾಗಿರುವ ಹಲಗೆಗೆ ಅವಸರದಲ್ಲಿ ಪ್ಲೇನರ್ ಹೊಡೆಸಬೇಡಿ. ಎದ್ದ ಅಂಚನ್ನು ಕೆತ್ತಿದರೆ, ತೇವ ಸಮವಾದ ಮೇಲೆ ನಡು ಉಬ್ಬಿ ನಿಲ್ಲುತ್ತದೆ. ಬಿಚ್ಚಿ, ನಡುವೆ ಪಟ್ಟಿಗಳನ್ನಿಟ್ಟು ನೆರಳಲ್ಲಿ ಪೇರಿಸಿ, ಮೇಲೆ ಭಾರ ಹೇರಿ ಕೆಲವು ವಾರ ಬಿಡಿ. ಬಹಳಷ್ಟು ಹಲಗೆ ತಾನೇ ಇಳಿಯುತ್ತದೆ. ಸೀಳಿದ ತುದಿಯನ್ನು ಕೊಯ್ದು ತೆಗೆಯುವುದೊಂದೇ ದಾರಿ.

ಹಾಗಾದರೆ ಹಡಗಿನ ಡೆಕ್ಕಿನಲ್ಲಿ ಸಂದೇ ಇರುವುದಿಲ್ಲವಲ್ಲ? ಯಾರೂ ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ಅಲ್ಲೂ ಸಂದು ಇರುತ್ತದೆ, ಅದರೊಳಗೆ ನಾರು ತುರುಕಿ ಮೇಲೆ ರಾಳ ಹೊಯ್ದಿರುತ್ತಾರೆ. ಉಂಗುರಗಳು ನೆಟ್ಟಗೆ ನಿಲ್ಲುವಂತೆ ಕೊಯ್ದ ಕಿರುಅಗಲದ ಹಲಗೆಗಳವು, ಹಾಗಾಗಿ ಹಿಗ್ಗು ಕುಗ್ಗು ಅರ್ಧಕ್ಕಿಳಿಯುತ್ತದೆ. ಮಲಬಾರ್ ಸಾಗುವಾನಿಯಿಂದ ಮುಂಬಯಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಎಚ್‌ಎಂಎಸ್ ಟ್ರಿಂಕೋಮಲೀ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಹಡಗಿನವರು ಡೆಕ್ಕಿಗೆ ದಿನವೂ ಸಮುದ್ರದ ನೀರು ಹೊಯ್ದು, ಮರ ಪೂರ್ತಿ ಒಣಗದಂತೆ ನೋಡಿಕೊಳ್ಳುತ್ತಿದ್ದರು. ಟೆರೇಸಿನಲ್ಲಿ ಇದನ್ನು ಮಾಡಲು ಹೋಗಬೇಡಿ. ನೀವು ಊರಿಗೆ ಹೋಗಿ ಬರುವುದರೊಳಗೆ ಹಲಗೆ ಒಣಗಿರುತ್ತದೆ.