ಮೂರು ದಿನದ ಬಾಟಲಿ, ಮೂರು ದಿನದ ಮಸೂದೆ

300 ಮಿಲಿಲೀಟರ್ ಹಿಡಿಯುವ ಗಾಜಿನ ಬಾಟಲಿ. ಕತ್ತು ಸಣ್ಣದು, ಮುಚ್ಚಳವೂ ಗಾಜಿನದೇ. ಕಾರ್ಖಾನೆಯಿಂದ ಹೊರಬರುವ ನೀರನ್ನು ಶುದ್ಧ ನೀರಿಗೆ ಇಂತಿಷ್ಟು ಎಂದು ಬೆರೆಸಿ ಇದರಲ್ಲಿ ತುಂಬುತ್ತಾರೆ. ಒಳಗೆ ಒಂದೇ ಒಂದು ಗುಳ್ಳೆಯೂ ಉಳಿಯಬಾರದು. ಉಳಿದರೆ ಆ ಗುಳ್ಳೆಯ ಗಾಳಿಯೂ ಲೆಕ್ಕಕ್ಕೆ ಸೇರಿ ಇಡೀ ಪರೀಕ್ಷೆ ಕೆಟ್ಟಂತೆ. ಆಮೇಲೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ, 3 ದಿನ ಸುಮ್ನೆ ಇಟ್ಟುಬಿಡಬೇಕು.

ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ಒಳಗೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ಕೊಳೆಯನ್ನು ತಿನ್ನುತ್ತವೆ, ತಿನ್ನುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಕೊಳೆ ಜಾಸ್ತಿ ಇದ್ದಷ್ಟೂ ಆಮ್ಲಜನಕದ ಖರ್ಚು ಜಾಸ್ತಿ. ಮೂರು ದಿನ ಕಳೆದ ಮೇಲೆ ಬಾಟಲಿ ತೆಗೆದು ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಬೆರೆತ ಅಯೋಡೈಡ್ ದ್ರಾವಣ ಹಾಕುತ್ತಾರೆ. ಆಮ್ಲಜನಕ ಉಳಿದಿದ್ದರೆ ಕಂದು ಬಣ್ಣದ ಗಸಿ ಮೆಲ್ಲಗೆ ತಳಕ್ಕಿಳಿಯುತ್ತದೆ. ಪೂರ್ತಿ ಮುಗಿದಿದ್ದರೆ ಗಸಿ ಬೆಳ್ಳಗಿರುತ್ತದೆ. ಆ ಬಿಳಿಯನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ, ಹೊಳೆಯಲ್ಲಿ ಮೀನು ಯಾಕೆ ಹೊಟ್ಟೆ ಮೇಲೆ ಮಾಡಿ ತೇಲುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಇದೇ ಬಿಒಡಿ ಪರೀಕ್ಷೆ, ಅಂದರೆ ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕ. ಕಾರ್ಖಾನೆಯ ನೀರನ್ನು ಹೊಳೆಗೋ ಕೆರೆಗೋ ಬಿಡಬೇಕಾದರೆ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎನ್ನುವುದು ನಮ್ಮ ದೇಶದ ಸಾಮಾನ್ಯ ಮಿತಿ. ನೀರಾವರಿಗೆಂದು ಹೊಲಕ್ಕೆ ಬಿಡುವುದಾದರೆ 100. ಊರಿನ ಒಳಚರಂಡಿಗೆ ಸೇರಿಸುವುದಾದರೆ 350.

ತಮಾಷೆ ಏನೆಂದರೆ, 1974ರ ಜಲ ಮಾಲಿನ್ಯ ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದರೂ ಈ 30 ಸಿಗುವುದಿಲ್ಲ. ಅದು ಕೂತಿರುವುದು 1986ರ ಪರಿಸರ ಸಂರಕ್ಷಣಾ ನಿಯಮಗಳ ಅನುಸೂಚಿಯಲ್ಲಿ. ಕಾಯ್ದೆ ಎಂದರೆ ಸದನ ಚರ್ಚಿಸಿ ಮತ ಹಾಕಿ ಮಾಡಿದ್ದು. ನಿಯಮ ಎಂದರೆ ಆ ಕಾಯ್ದೆ ಕೊಟ್ಟ ಅಧಿಕಾರದಲ್ಲಿ ಸರ್ಕಾರ ಬರೆದುಕೊಂಡದ್ದು. ನಾವು ಆರಿಸಿ ಕಳಿಸಿದವರು ಜಗಳವಾಡುವುದು ಮೊದಲನೆಯದರ ಮೇಲೆ. ಹೊಳೆಯ ಹಣೆಬರಹ ಇರುವುದು ಎರಡನೆಯದರಲ್ಲಿ.

ಮೊದಲನೆಯದರ ಕತೆಯೂ ಸ್ವಾರಸ್ಯವಾಗಿದೆ. ಸಂವಿಧಾನದ ಪ್ರಕಾರ ನೀರು ರಾಜ್ಯಗಳ ವಿಷಯ. ಸಂಸತ್ತು ತಾನಾಗಿಯೇ ಕೈಹಾಕುವಂತಿಲ್ಲ. ಹಾಗಾಗಿ 252ನೇ ವಿಧಿಯ ದಾರಿ ಹಿಡಿದರು. ಅಂದರೆ, ರಾಜ್ಯಗಳೇ ತಮ್ಮ ಸದನಗಳಲ್ಲಿ ನಿರ್ಣಯ ಮಾಡಿ "ನಮ್ಮ ಪರವಾಗಿ ನೀವೇ ಕಾಯ್ದೆ ಮಾಡಿ" ಎಂದು ಕೇಳುವುದು. 1974ರ ಕಾಯ್ದೆಗಾಗಿ ಹಾಗೆ ಕೇಳಿದ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದರಲ್ಲೊಂದು ಗಂಟಿದೆ. ಒಮ್ಮೆ ಹೀಗೆ ಕೊಟ್ಟ ಮೇಲೆ ಆ ಕಾಯ್ದೆಯನ್ನು ರಾಜ್ಯದ ಸದನ ತಿದ್ದುವಂತಿಲ್ಲ, ಸಂಸತ್ತೇ ತಿದ್ದಬೇಕು. ಬೀಗ ನಮ್ಮ ಮನೆಯದು, ಕೀಲಿ ದೆಹಲಿಯಲ್ಲಿ.

2024ರಲ್ಲಿ ಆ ಕೀಲಿ ತಿರುಗಿತು. ಜಲ ಕಾಯ್ದೆಯ ತಿದ್ದುಪಡಿ ಮಸೂದೆ ಫೆಬ್ರವರಿ 5ರಂದು ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಮರುದಿನ ಅಲ್ಲಿ ಒಪ್ಪಿಗೆ. 8ಕ್ಕೆ ಲೋಕಸಭೆಯಲ್ಲೂ ಒಪ್ಪಿಗೆ. ಮಂಡನೆಯಾದ ಹೊತ್ತಿಗೆ ಯಾರಾದರೂ ಒಂದು ಬಿಒಡಿ ಬಾಟಲಿ ಇಟ್ಟಿದ್ದರೆ, ಫಲಿತಾಂಶವೂ ಎರಡೂ ಸದನಗಳ ಒಪ್ಪಿಗೆಯೂ ಒಂದೇ ದಿನ ಕೈಗೆ ಬರುತ್ತಿದ್ದವು. ಇದರ ಹಿಂದಿನ ವರ್ಷವಷ್ಟೇ ವಾಯು ಮಾಲಿನ್ಯ ಕಾಯ್ದೆಗೆ ಇದೇ ಜಾತಿಯ ತಿದ್ದುಪಡಿ ಆಗಿತ್ತು, ಹಲವು ಕಾಯ್ದೆಗಳಲ್ಲಿ ಸಣ್ಣ ತಪ್ಪುಗಳಿಗೆ ಜೈಲಿನ ಬದಲು ದಂಡ ತಂದ ಜನ್ ವಿಶ್ವಾಸ್ ಮಸೂದೆಯ ಭಾಗವಾಗಿ. ಆ ಮಸೂದೆ ಎರಡೂ ಸದನಗಳ ಜಂಟಿ ಸಮಿತಿಗೆ ಹೋಗಿ ಬಂದಿತ್ತು. ನೀರಿನ ಪಾಲಿಗೆ ಸಮಿತಿ ಬರಲಿಲ್ಲ.

ಏನು ಬದಲಾಯಿತು? ಹಲವು ತಪ್ಪುಗಳಿಗೆ ಇದ್ದ ಜೈಲು ಶಿಕ್ಷೆ ಹೋಗಿ 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಬಂತು. ದಂಡ ಹಾಕುವವರು ನ್ಯಾಯಾಧೀಶರಲ್ಲ, ಸರ್ಕಾರದ ಹಿರಿಯ ಅಧಿಕಾರಿ. ಇದು ಮೊದಲು ಜಾರಿಯಾಗಿದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳಿಗೆ ಬೇಕೆಂದರೆ ಅವುಗಳ ಸದನ ನಿರ್ಣಯ ಮಾಡಬೇಕು.

ಸೆಕ್ಷನ್ 24 ಮತ್ತು 25ನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಕೊಂಚ ವಿಚಿತ್ರ ಅನ್ನಿಸಿತು. 25 ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್, ಅಂದರೆ ಒಪ್ಪಿಗೆ ಪತ್ರ, ಪಡೆಯದೆ ಕಾರ್ಖಾನೆ ನಡೆಸುವುದು. ಅದಕ್ಕೆ ಜೈಲು ಉಳಿದಿದೆ. 24 ಎಂದರೆ ಹೊಳೆಗೆ, ಬಾವಿಗೆ ಗೊತ್ತಿದ್ದೂ ವಿಷ ಬಿಡುವುದು. ಅದಕ್ಕೆ ಮೊದಲು ಒಂದೂವರೆಯಿಂದ ಆರು ವರ್ಷ ಜೈಲಿತ್ತು, ಈಗ ದಂಡ. ಕಾಗದ ಇಲ್ಲದಿರುವುದು ನೀರು ಕೆಡಿಸುವುದಕ್ಕಿಂತ ದೊಡ್ಡ ತಪ್ಪಾ? ಜೈಲು ಬೇಕೇಬೇಕು ಅಂತ ನನ್ನ ವಾದವಲ್ಲ. ವರ್ಷಗಟ್ಟಲೆ ಎಳೆಯುವ ಕೇಸಿಗಿಂತ ಬೇಗ ಬೀಳುವ ದಂಡವೇ ವಾಸಿ ಇರಬಹುದು. ಆದರೆ ಇಂಥ ಪ್ರಶ್ನೆ ಕೇಳುವುದಕ್ಕೇ ಅಲ್ವಾ ಸಮಿತಿ ಇರುವುದು?

ಹಾಗಂತ ಸಮಿತಿ ಕೂತರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಇಂಗ್ಲೆಂಡಿನ 1863ರ ಆಲ್ಕಲಿ ಕಾಯ್ದೆ ನೋಡಿ. ಉಪ್ಪಿನಿಂದ ಸೋಡಾ ಮಾಡುವ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯನ್ನು ಚಿಮಣಿಯಿಂದ ಬಿಡುತ್ತಿದ್ದವು. ಸುತ್ತಲಿನ ಮರ, ಬೇಲಿ, ಬೆಳೆ ಎಲ್ಲ ಸುಟ್ಟುಹೋಗುತ್ತಿದ್ದವು. 1862ರಲ್ಲಿ ಲಾರ್ಡ್ ಡರ್ಬಿ ಮುಂದಾಳತ್ವದ ಸಮಿತಿಯೊಂದು ಸಾಕ್ಷಿಗಳನ್ನು ಕರೆಸಿ ಕೇಳಿತು. ಡರ್ಬಿಯ ಸ್ವಂತ ಜಮೀನೂ ಆ ಕಡೆಯೇ ಇತ್ತು, ಬಿಸಿ ತಟ್ಟಿದವರಿಗೆ ಆಸಕ್ತಿ ಇದ್ದೇ ಇರುತ್ತದೆ. ಮರುವರ್ಷ ಕಾಯ್ದೆ ಬಂತು: ಹುಟ್ಟುವ ಆಮ್ಲದ ಹೊಗೆಯಲ್ಲಿ 95% ಹಿಡಿದಿಡಬೇಕು. ತಪಾಸಣೆಗೆ ಬಂದವರು ರಸಾಯನ ವಿಜ್ಞಾನಿ ರಾಬರ್ಟ್ ಆಂಗಸ್ ಸ್ಮಿತ್.

ಕಾರ್ಖಾನೆಗಳು ಹಿಡಿದವು, ನಿಜ. ಆದರೆ ಕಾರ್ಖಾನೆಗಳೇ ಹೆಚ್ಚುತ್ತಾ ಹೋದವು. ಉಳಿದ 5% ಕೂಡ ದೊಡ್ಡ ಮೊತ್ತವೇ ಆಯಿತು. ಹಿಡಿದ ಆಮ್ಲವನ್ನು ಎಷ್ಟೋ ಕಡೆ ಪಕ್ಕದ ಹಳ್ಳಕ್ಕೆ ಬಿಟ್ಟರು, ಏಕೆಂದರೆ ಕಾಯ್ದೆ ಮಾತಾಡಿದ್ದು ಹೊಗೆಯ ಬಗ್ಗೆ ಮಾತ್ರ. 1874ರಲ್ಲಿ ಮತ್ತೆ ತಿದ್ದಿದರು. ಶೇಕಡಾವಾರಿನ ಜೊತೆಗೆ, ಒಂದು ಘನ ಅಡಿ ಹೊಗೆಯಲ್ಲಿ 0.2 ಗ್ರೇನ್‌ಗಿಂತ (ಗ್ರೇನ್ ಎಂದರೆ ತೂಕದ ಹಳೆಯ ಅಳತೆ) ಹೆಚ್ಚು ಆಮ್ಲ ಇರಬಾರದು ಎಂಬ ಮಿತಿ ಬಂತು. ಅಂದರೆ ಸಾಂದ್ರತೆಯ ಮಿತಿ.

ನಮ್ಮ 30 ಇದೇ ವಂಶದ್ದು. ಇದಕ್ಕೂ ಅದರದೇ ಆದ ಸಂದುಗಳಿವೆ. ಒಂದು ಕಾರ್ಖಾನೆ ದಿನಕ್ಕೆ 1 ಲಕ್ಷ ಲೀಟರ್ ನೀರು ಬಿಡುತ್ತದೆ, ಬಿಒಡಿ 90 ಇದೆ ಅನ್ನಿ. ಹೊಳೆಗೆ ಸೇರುವ ಬಿಒಡಿ ಭಾರ 9 ಕಿಲೋ. ಮಿತಿಯ ಮೂರು ಪಟ್ಟು, ತಪ್ಪು. ಅದಕ್ಕೆ 2 ಲಕ್ಷ ಲೀಟರ್ ಬೋರ್‌ವೆಲ್ ನೀರು ಬೆರೆಸಿ. ಈಗ ಬಿಒಡಿ 30, ರಿಪೋರ್ಟ್ ಪಾಸ್. ಹೊಳೆಗೆ ಸೇರಿದ್ದು? ಅದೇ 9 ಕಿಲೋ. ಜೊತೆಗೆ ಅಂತರ್ಜಲವೂ ಹೋಯಿತು. ಹಾಲಿಗೆ ನೀರು ಬೆರೆಸಿದವನನ್ನು ನಾವು ಬೈಯುತ್ತೇವೆ, ಇಲ್ಲಿ ಬೆರೆಸಿದವನು ಪಾಸಾಗುತ್ತಾನೆ. ದಿನಕ್ಕೆ ಇಷ್ಟೇ ಲೀಟರ್ ಬಿಡಬೇಕೆಂದು ಕನ್ಸೆಂಟ್ ಪತ್ರದಲ್ಲಿ ಬರೆದಿರುತ್ತಾರೆ, ಒಪ್ಪೋಣ. ಆದರೆ ಒಂದೇ ಹೊಳೆಗೆ ಹತ್ತು ಕಾರ್ಖಾನೆಗಳು ಹತ್ತು ಪತ್ರ ಹಿಡಿದು ನೀರು ಬಿಟ್ಟರೆ, ಒಟ್ಟು ಕಿಲೋ ಎಷ್ಟೆಂದು ಯಾವ ಒಂದು ಪತ್ರವೂ ಹೇಳುವುದಿಲ್ಲ.

ಹೊಳೆಗೆ ತಡೆದುಕೊಳ್ಳುವ ಶಕ್ತಿ ಎಷ್ಟು? ಬೆಚ್ಚಗಿನ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. 4ಕ್ಕಿಂತ ಕೆಳಗಿಳಿದರೆ ಮೀನಿಗೆ ಕಷ್ಟ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಯಲ್ಲಿ ಕೊನೆಗೆ ಉಳಿಯುವ ಕಂದು ನೀರಿದೆಯಲ್ಲ, ಸ್ಪೆಂಟ್ ವಾಶ್, ಅದರ ಬಿಒಡಿ 40,000 ದಾಟುವುದು ಮಾಮೂಲು. ಅಂಥ ಒಂದೇ ಒಂದು ಲೀಟರ್ 5,000 ಲೀಟರ್ ಹೊಳೆ ನೀರಿನ ಆಮ್ಲಜನಕವನ್ನೆಲ್ಲ ನುಂಗಬಲ್ಲದು. ಬೀದಿಗೆ ಬರುವ ಒಂದು ನೀರಿನ ಟ್ಯಾಂಕರ್‌ನಷ್ಟು.

ಇಂಥ ಅಂಕಿಗಳ ಮೇಲೆ ಸದನಕ್ಕೆ ಹಿಡಿತವೇ ಇಲ್ಲವೇ ಎಂದರೆ, ಕಾನೂನಿನ ಪ್ರಕಾರ ಇದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಮಾಡಿದ ಪ್ರತಿ ನಿಯಮವನ್ನೂ ಸಂಸತ್ತಿನ ಎರಡೂ ಸದನಗಳ ಮುಂದೆ 30 ದಿನ ಇಡಬೇಕು. ಬೇಡವೆಂದರೆ ತಿದ್ದಬಹುದು, ರದ್ದೂ ಮಾಡಬಹುದು. ಯಾರೂ ಮಾತಾಡದಿದ್ದರೆ ಅದು ಹಾಗೇ ನಡೆಯುತ್ತದೆ. ಇವನ್ನು ನೋಡಲೆಂದೇ ಅಧೀನ ಶಾಸನ ಸಮಿತಿ ಅಂತ ಒಂದಿದೆ. ಟಿವಿಯಲ್ಲಿ ಅದರ ಹೆಸರು ಕೇಳಿದ ನೆನಪು ನನಗಂತೂ ಇಲ್ಲ.

ಕಾರ್ಖಾನೆಯದಲ್ಲ, ಊರಿನ ಕೊಳಚೆಯದೇ ಒಂದು ಉದಾಹರಣೆ. ಕೊಳಚೆ ನೀರಿನ ಶುದ್ಧೀಕರಣ ಘಟಕಗಳಿಗೆ 2015ರ ನವೆಂಬರ್‌ನಲ್ಲಿ ಕರಡು ನಿಯಮ ಬಂತು: ಬಿಒಡಿ 10 ಮೀರಬಾರದು. 2017ರ ಅಕ್ಟೋಬರ್‌ನಲ್ಲಿ ಅಂತಿಮ ನಿಯಮ ಹೊರಬಂದಾಗ ಅದು ಮಹಾನಗರಗಳಿಗೂ ಹಲವು ರಾಜ್ಯಗಳ ರಾಜಧಾನಿಗಳಿಗೂ 20, ಉಳಿದ ಊರುಗಳಿಗೆ 30 ಆಗಿತ್ತು. ಮಸೂದೆ ಬೇಕಾಗಲಿಲ್ಲ, ಮತವೂ ಬೇಕಾಗಲಿಲ್ಲ. ಗೆಜೆಟ್‌ನ ಒಂದು ಕೋಷ್ಟಕ ಸಾಕಾಯಿತು. ಮತ್ತೆ 10ಕ್ಕೆ ಇಳಿಸಿ ಎಂದು 2019ರಲ್ಲಿ ಹೇಳಿದ್ದು ಹಸಿರು ನ್ಯಾಯಮಂಡಳಿ.